ಎಲ್ಲ ಬಾಟಲಿಗೂ ಒಂದೇ ಕಾರ್ಕ್‌ಸ್ಕ್ರೂ ಸಾಕೇ?

ಶ್ರೀನಗರದಂತಹ ಹಳೆಯ ಬಡಾವಣೆಯಲ್ಲಿ ನಿವೃತ್ತ ಮೇಷ್ಟರೊಬ್ಬ ವೈನ್ ಬಾಟಲಿಯ ಬಗ್ಗೆ ಬರೆಯಹೊರಟರೆ ಹುಬ್ಬೇರಿಸುವವರು ಇದ್ದೇ ಇರುತ್ತಾರೆ. ಏರಿಸಲಿ. ಮಕ್ಕಳು ಹೊರದೇಶದಿಂದ ತಂದುಕೊಟ್ಟ ಬಾಟಲಿ, ನಂದಿಬೆಟ್ಟದ ತಪ್ಪಲಿನ ದ್ರಾಕ್ಷಾರಸ ಇಂದು ನಮ್ಮ ಎಷ್ಟೋ ಮನೆಗಳ ಬೀರುವಿನಲ್ಲಿ ರೇಷ್ಮೆ ಸೀರೆಗಳ ಹಿಂದೆ ನಿಂತಿರುವುದು ಎಲ್ಲರಿಗೂ ಗೊತ್ತು. ನನ್ನ ತಕರಾರು ಕುಡಿಯುವುದರ ಬಗ್ಗೆ ಅಲ್ಲ. ವರ್ಷಕ್ಕೆ ಮೂರು ನಾಲ್ಕು ಬಾರಿ ನಾನೂ ಅರ್ಧ ಲೋಟ ಕುಡಿಯುವವನೇ. ನನ್ನ ತಕರಾರು ಆ ಬಾಟಲಿಯ ಬಿರಡೆಯನ್ನು ಕೀಳುವ ಉಪಕರಣದ ಬಗ್ಗೆ. ಎರಡು ರೆಕ್ಕೆ ಎತ್ತಿ ನಿಲ್ಲುವ, ಹೊಳೆಯುವ, ಉಡುಗೊರೆಯಾಗಿ ಕೊಡಲು ಭಾರವಾಗಿ ಕಾಣುವ ಒಂದು ಕಾರ್ಕ್‌ಸ್ಕ್ರೂ ಇದೆಯಲ್ಲ, ಅದನ್ನು ಎಲ್ಲ ಬಾಟಲಿಗೂ ಸಲ್ಲುವ ವಸ್ತುವೆಂದು ಮಾರುತ್ತಿರುವುದು ಶುದ್ಧ ಅಜ್ಞಾನ.

ಕಾರ್ಕು ನನಗೆ ಹೊಸದಲ್ಲ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ನಳಿಗೆ ತೂರಿಸಲು ಕಾರ್ಕಿಗೆ ರಂಧ್ರ ಕೊರೆಯುವುದನ್ನು ವರ್ಷ ವರ್ಷವೂ ಮಕ್ಕಳಿಗೆ ಕಲಿಸಿದ್ದೇನೆ. ಹೊಸ ಕಾರ್ಕು ಒತ್ತಿದರೆ ಮಣಿದು ಮತ್ತೆ ಎದ್ದು ನಿಲ್ಲುತ್ತದೆ. ಡ್ರಾಯರಿನಲ್ಲಿ ಬಹುಕಾಲ ಬಿದ್ದಿದ್ದ ಕಾರ್ಕು ಪುಡಿಯಾಗುತ್ತದೆ. ೧೬೬೫ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ನೋಡಿ ‘ಕೋಶ’ ಎಂದು ಹೆಸರಿಟ್ಟದ್ದು ಇದೇ ಕಾರ್ಕಿನ ಗೂಡುಗಳಿಗೆ. ಆ ಗೂಡುಗಳಲ್ಲಿ ಸೆರೆಯಾದ ಗಾಳಿಯೇ ಅದರ ಸ್ಪ್ರಿಂಗು. ಸುಮಾರು ೨೪ ಮಿಲಿಮೀಟರ್ ದಪ್ಪದ ಬಿರಡೆಯನ್ನು ಸುಮಾರು ಹದಿನೆಂಟೂವರೆ ಮಿಲಿಮೀಟರ್ ಕತ್ತಿಗೆ ಅಮುಕಿ ಕೂರಿಸಿರುತ್ತಾರೆ. ಎಳೆಯ ಬಾಟಲಿಯಲ್ಲಿ ಅದು ಗಾಜನ್ನು ಒದ್ದು ಹಿಡಿದಿರುತ್ತದೆ. ಹತ್ತಿಪ್ಪತ್ತು ವರ್ಷ ಕಳೆದ ಬಾಟಲಿಯಲ್ಲಿ ಕೆಳಭಾಗ ರಸ ಹೀರಿ ಮೆತ್ತಗಾಗಿ, ಒದೆಯುವ ಶಕ್ತಿ ಸೋತಿರುತ್ತದೆ. ಒಂದಕ್ಕೆ ಬೇಕಾದದ್ದು ಬಲ, ಇನ್ನೊಂದಕ್ಕೆ ಬೇಕಾದದ್ದು ನಯ.

ರೆಕ್ಕೆಯ ಕಾರ್ಕ್‌ಸ್ಕ್ರೂಗಳಲ್ಲಿ ಬಹುಪಾಲಿನ ದೋಷ ರೆಕ್ಕೆಯಲ್ಲಿಲ್ಲ, ತಿರುಪಿನಲ್ಲಿದೆ. ನಡುವೆ ಗಟ್ಟಿ ಸರಳು, ಅದರ ಸುತ್ತ ಏಣು. ಬಡಗಿಯ ಬೈರಿಗೆಯ ಹಾಗೆ. ಬೈರಿಗೆಯ ಕೆಲಸ ಕೊರೆಯುವುದೇ ಹೊರತು ಹಿಡಿಯುವುದಲ್ಲ. ಅದು ಬಿರಡೆಯ ನಡುವನ್ನು ಹಿಟ್ಟು ಮಾಡಿ, ಎಳೆದಾಗ ಆ ಹಿಟ್ಟನ್ನು ಮಾತ್ರ ಹೊತ್ತು ತರುತ್ತದೆ. ಒಳ್ಳೆಯ ತಿರುಪು ಬಳ್ಳಿಯ ಕುಡಿಯಂತೆ ಸುರುಳಿಯಾಗಿದ್ದು, ನಡುವೆ ಟೊಳ್ಳಾಗಿರಬೇಕು. ಆ ಟೊಳ್ಳಿನಲ್ಲಿ ಒಂದು ಬೆಂಕಿಕಡ್ಡಿ ತೂರಬೇಕು. ಅಂಗಡಿಯಲ್ಲಿಯೇ ಪರೀಕ್ಷಿಸಿ, ಮಾರುವ ಹುಡುಗ ನಕ್ಕರೆ ನಗಲಿ. “ವಯಸ್ಸಾದವರ ಕೈಗೆ ರೆಕ್ಕೆಯೇ ಸುಲಭ ಸಾರ್” ಎಂದು ಒಬ್ಬರು ನನ್ನೊಡನೆ ವಾದಿಸಿದರು. ಕೀಲು ನೋವಿನವರಿಗೆ ಸುಲಭವೆಂಬುದು ನಿಜವೇ. ಹಾಗಾದರೆ ಟೊಳ್ಳು ಸುರುಳಿಯ ರೆಕ್ಕೆಯನ್ನೇ ಹುಡುಕಿ ಕೊಳ್ಳಲಿ, ಅಂಥದೂ ಸಿಗುತ್ತದೆ.

ಎಳೆಯ ಬಾಟಲಿಗೆ, ಹೋಟೆಲಿನ ಮಾಣಿಗಳು ಜೇಬಿನಲ್ಲಿಟ್ಟುಕೊಳ್ಳುವ ಮಡಚುವ ಕಾರ್ಕ್‌ಸ್ಕ್ರೂ ಸಾಕು. ೧೮೮೨ರಲ್ಲಿ ಕಾರ್ಲ್ ವೀಂಕೆ ಎಂಬ ಜರ್ಮನ್ ಅದಕ್ಕೆ ಪೇಟೆಂಟ್ ಪಡೆದ. ಮೂಲ ವಿನ್ಯಾಸ ಇಂದಿಗೂ ಅದೇ. ಬಾಟಲಿಯ ಅಂಚು ಆಧಾರ, ನಡುವೆ ಬಿರಡೆಯ ಭಾರ, ಹಿಡಿಯ ತುದಿಯಲ್ಲಿ ಬಲ. ನಮ್ಮ ಅಜ್ಜಿಯರ ಅಡಕತ್ತರಿಯಂತೆ ಇದು ಎರಡನೆಯ ವರ್ಗದ ಸನ್ನೆ. ಎರಡು ಮೆಟ್ಟಿಲಿನದನ್ನು ಆರಿಸಿಕೊಂಡರೆ ಬಿರಡೆ ಓರೆಯಾಗದೆ ನೇರವಾಗಿ ಏರುತ್ತದೆ.

ಹಳೆಯ ಬಾಟಲಿಗೆ ತಿರುಪೇ ಅಪಾಯ. ಅದಕ್ಕೆಂದು ಎರಡು ತೆಳು ಅಲಗಿನ ಉಪಕರಣವೊಂದಿದೆ. ಉದ್ದನೆಯ ಅಲಗನ್ನು ಮೊದಲು ಗಾಜಿಗೂ ಬಿರಡೆಗೂ ನಡುವೆ ಸೇರಿಸಿ, ಅತ್ತಿತ್ತ ತೂಗುತ್ತ ಇಳಿಸಿ, ತಿರುಗಿಸುತ್ತ ಮೇಲಕ್ಕೆ ತರಬೇಕು. ಬಿರಡೆಯ ಮೈಗೆ ತೂತೇ ಬೀಳುವುದಿಲ್ಲ. ಬಿರಡೆ ತೀರ ಸಡಿಲವಾಗಿದ್ದರೆ ಮಾತ್ರ ಅದು ಒಳಗೆ ಜಾರೀತು, ಅವಸರ ಕೂಡದು. ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿದ್ದರೆ ಗಸಿಯೂ ತಳ ಸೇರಿರುತ್ತದೆ.

ನಮ್ಮ ಬೀದಿಯ ಒಂದು ಮನೆಯಲ್ಲಿ, ತೀರಿಕೊಂಡ ಹಿರಿಯರು ಮೊಮ್ಮಗಳ ಮದುವೆಗೆಂದು ಎತ್ತಿಟ್ಟಿದ್ದ ಫ್ರೆಂಚ್ ಬಾಟಲಿಯನ್ನು ರೆಕ್ಕೆಯ ಯಂತ್ರಕ್ಕೆ ಕೊಟ್ಟರು. ಬಿರಡೆ ಅರ್ಧಕ್ಕೆ ತುಂಡಾಯಿತು. ಉಳಿದರ್ಧವನ್ನು ಸ್ಕ್ರೂಡ್ರೈವರಿನಿಂದ ಒಳಗೆ ತಳ್ಳಿ, ರಸವನ್ನು ಕಾಫಿ ಫಿಲ್ಟರಿನಲ್ಲಿ ಸೋಸಿದರು! ಅಳಿಯನ ಅಂಗೈಗೆ ಹೊಲಿಗೆ ಬಿದ್ದಿತು. ಮೊಮ್ಮಗಳು ಲೋಟ ಮುಟ್ಟಲಿಲ್ಲ. “ಮಾಲೇ ಸರಿಯಿರಲಿಲ್ಲ ಮೇಷ್ಟ್ರೇ” ಎಂದು ಮರುದಿನ ನನಗೆ ಹೇಳಿದರು. ಹತ್ತೊಂಬತ್ತು ವರ್ಷ ಜೋಪಾನ ಮಾಡಿದವರು ಪಾಪ, ಉತ್ತರ ಕೊಡಲು ಇರಲಿಲ್ಲ.

ಇದರ ಬೆನ್ನಿಗೇ ಇನ್ನೊಂದು ಭ್ರಮೆ ಇದೆ: ಯಾವ ವೈನಾದರೂ ಹಳತಾದಷ್ಟೂ ಒಳ್ಳೆಯದೆಂದು. ಬೆಂಗಳೂರು ನೀಲಿ ದ್ರಾಕ್ಷಿಗೆ ೨೦೧೩ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರಕಿತು, ಸಂತೋಷ. ಆದರೆ ಅದರ ಸಿಹಿ ರಸವನ್ನಾಗಲಿ, ೨೦೦೭ರ ರಾಜ್ಯ ದ್ರಾಕ್ಷಾರಸ ನೀತಿಯ ನಂತರ ಬಂದ ಸಾಧಾರಣ ಬೆಲೆಯ ಕೆಂಪು, ಬಿಳಿ ವೈನುಗಳನ್ನಾಗಲಿ ಅಟ್ಟದ ಮೇಲಿಟ್ಟು ಹತ್ತು ಬೇಸಿಗೆ ಕಾಯಿಸಿದರೆ ಸಿಗುವುದು ಕಳೆಗುಂದಿದ ಹುಳಿನೀರು. ಅವು ಎಳೆಯದರಲ್ಲೇ ಕುಡಿಯಬೇಕಾದವು. ಅಂಥವುಗಳಲ್ಲಿ ಹಲವಕ್ಕೆ ಈಗ ತಿರುಪು ಮುಚ್ಚಳವೇ ಇರುತ್ತದೆ. ಅದನ್ನು ಕಂಡು “ಅಗ್ಗದ್ದು” ಎಂದು ಮೂಗು ಮುರಿಯುವವರಿದ್ದಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು ಒಳ್ಳೊಳ್ಳೆಯ ವೈನಿಗೂ ಅದನ್ನೇ ಹಾಕುತ್ತಾರೆ, ಮತ್ತು ಅದನ್ನು ತೆರೆಯಲು ಯಾವ ಉಪಕರಣವೂ ಬೇಡ.