ಯಂತ್ರಕ್ಕೂ ಕಾವಲು ಬೇಕು, ಹಿರಿತನಕ್ಕೂ ಕಿವಿ ಬೇಕು

ಕಾಯಕವೆಂದರೆ ಕೇವಲ ಕೈಗಳ ದುಡಿಮೆಯಲ್ಲ. ಆ ಕೈಗಳ ಹಿಂದೆ ಅರಿವು ಎಚ್ಚತ್ತಿರಬೇಕೆಂಬುದು ಶರಣರು ತೋರಿದ ದಾರಿ. ನಮ್ಮ ಶಹಾಪುರ ಸೀಮೆಯ ರೈತರು ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಜೋಡಿಸಿ ಮಲಗುವುದುಂಟು. ರಾತ್ರಿ ಕರೆಂಟು ಬಂದೊಡನೆ ಮೋಟಾರು ತಾನಾಗಿ ತಿರುಗುತ್ತದೆ. ಆದರೆ ಬದು ಒಡೆದು ನೀರು ನೆರೆಹೊಲಕ್ಕೆ ಹರಿದರೆ ಯಂತ್ರಕ್ಕೆ ತಿಳಿಯದು. ಹೇಳಿದ್ದನ್ನಷ್ಟೇ ಮಾಡುವುದು ಅದರ ಗುಣ. ನಮ್ಮ ಮನದ ಉದ್ದೇಶವನ್ನು ಅದು ಅರಿಯದು. ಹೊಲದಲ್ಲಿ ಇದರಿಂದ ಒಂದು ಬೆಳೆ ಹೋದೀತು. ಆಕಾಶದಲ್ಲಿ ನೂರಾರು ಜೀವಗಳೇ ಹೋದಾವು. ನಮ್ಮ ನಾಡಿನಲ್ಲಿಯೇ ನಡೆದ ಎರಡು ವಿಮಾನ ದುರಂತಗಳು ನಮಗೆ ಪಾಠವಾಗಬೇಕಾಗಿದೆ.

1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯ ಏರ್‌ಬಸ್ ಎ-320 ವಿಮಾನವು ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದ ಬಳಿಯ ಗಾಲ್ಫ್ ಮೈದಾನದಲ್ಲಿ ಅಪ್ಪಳಿಸಿತು. ಅದರಲ್ಲಿದ್ದ 146 ಜನರ ಪೈಕಿ 92 ಮಂದಿ ಅಸುನೀಗಿದರು. ಹಾಡುಹಗಲು, ಹೊಸ ವಿಮಾನ. ಚಾಲಕರಿಬ್ಬರೂ ಅನುಭವಸ್ಥರು, ಒಬ್ಬರು ಮತ್ತೊಬ್ಬರನ್ನು ಪರೀಕ್ಷಿಸುತ್ತಿದ್ದರು. ಎಂಜಿನುಗಳ ಶಕ್ತಿಯನ್ನು ನೋಡಿಕೊಳ್ಳುವ ಸ್ವಯಂಚಾಲಿತ ವ್ಯವಸ್ಥೆಯು ವೇಗವನ್ನು ಕಾಯುವ ಕ್ರಮದಲ್ಲಿರದೆ, ಕನಿಷ್ಠ ಶಕ್ತಿಯಲ್ಲಿ ಇಳಿಸುವ ಕ್ರಮದಲ್ಲಿತ್ತು. ಗಂಟೆಗೆ ಸುಮಾರು 245 ಕಿ.ಮೀ. ಇರಬೇಕಾದ ವೇಗವು 200ರ ಆಸುಪಾಸಿಗೆ ಕುಸಿಯಿತು. ಮುಂದಿನ ಫಲಕದಲ್ಲಿ ವೇಗ ಕಾಣುತ್ತಲೇ ಇತ್ತು. ಇಬ್ಬರೂ ಅದನ್ನು ಸಕಾಲದಲ್ಲಿ ಗಮನಿಸಲಿಲ್ಲ. ಅರಿತು ಪೂರ್ಣಶಕ್ತಿ ಕೊಟ್ಟಾಗ, ಎಂಜಿನುಗಳು ಚೇತರಿಸಿಕೊಳ್ಳುವಷ್ಟು ಸಮಯ ಉಳಿದಿರಲಿಲ್ಲ.

2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಕಥೆ ಬೇರೆ. ಹಿರಿಯ ಚಾಲಕರು ಪ್ರಯಾಣದ ಬಹುಭಾಗ ನಿದ್ರಿಸಿದ್ದರು. ವಿಮಾನವು ಇರಬೇಕಾದುದಕ್ಕಿಂತ ಮೇಲಿತ್ತು. ಇಳಿಯಬಾರದು, ಮತ್ತೆ ಮೇಲೇರಬೇಕೆಂದು ಸಹಚಾಲಕರು ಮೂರು ಬಾರಿ ಹೇಳಿದರು; ಯಂತ್ರವೂ ಎಚ್ಚರಿಸಿತು. ಹಿರಿಯರು ಕಿವಿಗೊಡಲಿಲ್ಲ. ಓಡುದಾರಿಯ ಅರ್ಧಕ್ಕೂ ಹೆಚ್ಚು ಭಾಗ ದಾಟಿದ ಮೇಲೆ ನೆಲ ಮುಟ್ಟಿದ ವಿಮಾನವು ಕಮರಿಗುರುಳಿ, 158 ಮಂದಿ ಮಡಿದರು. ಉಳಿದವರು ಎಂಟೇ ಜನ.

ಒಂದೆಡೆ ನೋಡುವ ಕಣ್ಣು ತಪ್ಪಿತು. ಮತ್ತೊಂದೆಡೆ ಕೇಳುವ ಕಿವಿ ಮುಚ್ಚಿತ್ತು. ಒಬ್ಬರು ವಿಮಾನ ನಡೆಸುವಾಗ ಇನ್ನೊಬ್ಬರು ಯಂತ್ರವನ್ನೂ ಚಾಲಕರನ್ನೂ ಗಮನಿಸಬೇಕು, ತಪ್ಪು ಕಂಡರೆ ಅಂಜದೆ ನುಡಿಯಬೇಕು, ಹಿರಿಯರು ಅದನ್ನು ಮನ್ನಿಸಬೇಕು. ಇಂದು ಚಾಲಕರಿಗೆ ಇದನ್ನೇ ವಿಶೇಷ ತರಬೇತಿಯಾಗಿ ಕಲಿಸುತ್ತಾರೆ.

ಈ ಶಿಕ್ಷಣ ನಮಗೆ ಹೊಸದಲ್ಲ. ನಮ್ಮ ನೆರೆಯ ರಾಯಚೂರು ಜಿಲ್ಲೆಯ ಅಮರೇಶ್ವರದವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮನವರು ಅದನ್ನು ಹಿಂದಿರುಗಿಸಲು ಹೇಳಿದರು. ಹೇಳಿದುದು ಲಕ್ಕಮ್ಮನವರ ಹಿರಿಮೆ; ಕೇಳಿ ನಡೆದುದು ಮಾರಯ್ಯನವರ ಹಿರಿಮೆ.

ಬಂಧುಗಳೇ, ರಾತ್ರಿ ಬೆಂಗಳೂರಿಗೆ ಕಾರು ನಡೆಸುವ ಹಿರಿಯರು ತೂಕಡಿಸುವಾಗ ಸೊಸೆಯೋ ಮೊಮ್ಮಗನೋ “ನಿಲ್ಲಿಸಿರಿ” ಎಂದರೆ ಅದು ಅವಿನಯವಲ್ಲ, ಸೇವೆ. ಹಿರಿಯರಿಗೆ ನಮಿಸಲು ಮಕ್ಕಳಿಗೆ ಕಲಿಸಿದ್ದೇವೆ. ತಪ್ಪು ಕಂಡಾಗ ವಿನಯದಿಂದ ನುಡಿಯುವುದನ್ನೂ ಕಲಿಸೋಣ. ಅವರು ನುಡಿದಾಗ ಕೇಳುವ ಸೈರಣೆಯನ್ನು ನಾವೂ ಕಲಿಯೋಣ.