ಕರೆ ನಮ್ಮದು, ಖರ್ಚು ಯಾರದು?



ಮಡಗಾಂವ್‌ನ ಮೋತಿ ಡೊಂಗರ್ ಗುಡ್ಡದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ 'ರೋಮಿಂಗ್' ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೊಬೈಲ್ ಲೆಕ್ಕದಲ್ಲಿ ಗೋವಾ ಮಹಾರಾಷ್ಟ್ರದ ವಲಯಕ್ಕೆ ಸೇರಿದ್ದು. ಕರ್ನಾಟಕದ್ದು ಬೇರೆ ವಲಯ. ಊರಿನ ಸಿಮ್ ಇಟ್ಟುಕೊಂಡು ದುಡಿಯಲು ಬಂದವರು ಗಡಿ ದಾಟಿದೊಡನೆ ತಮಗೆ ಬಂದ ಕರೆಗೂ ತಾವೇ ಹಣ ತೆರಬೇಕಿತ್ತು. 2007ರಲ್ಲಿ ಟ್ರಾಯ್ ಮಿತಿ ಹಾಕಿದ ಮೇಲೂ ಬರುವ ಕರೆಗೆ ನಿಮಿಷಕ್ಕೆ 1 ರೂಪಾಯಿ 75 ಪೈಸೆಯವರೆಗೆ ವಸೂಲಿ ಮಾಡಬಹುದಿತ್ತು. 2015ರಲ್ಲಿ ಈ ಮಿತಿ 45 ಪೈಸೆಗೆ ಇಳಿಯಿತು. ಅದೇ ವರ್ಷ ಜೂನ್ 15ರಿಂದ ಬಿಎಸ್ಸೆನ್ನೆಲ್ ತನ್ನ ಗ್ರಾಹಕರಿಗೆ ಅದನ್ನು ಉಚಿತ ಮಾಡಿತು. 2016ರಲ್ಲಿ ಜಿಯೋ ಬಂದ ಮೇಲೆ ದೇಶದೊಳಗೆ ಆ ಭಯ ಬಹುಮಟ್ಟಿಗೆ ತೀರಿತು.

ದೇಶದ ಗಡಿ ದಾಟಿದವರಿಗೆ ಮಾತ್ರ ಹಳೆಯ ಲೆಕ್ಕವೇ ಇನ್ನೂ ನಡೆದಿದೆ. ಗಲ್ಫ್‌ಗೆ ಹೋದ ಮಗನ ಫೋನಿನಲ್ಲಿ ಭಾರತದ ಸಿಮ್ ಇದೆ ಎನ್ನೋಣ. ಅದು ಅಲ್ಲಿನ ಕಂಪನಿಯ ಟವರನ್ನು ಬಳಸುತ್ತದೆ. ಆ ಕಂಪನಿ ನಮ್ಮ ಕಂಪನಿಗೆ ಬಿಲ್ಲು ಕಳಿಸುತ್ತದೆ. ನಮ್ಮ ಕಂಪನಿ ತನ್ನ ಪಾಲನ್ನೂ ಸೇರಿಸಿ ಮಗನಿಂದ ವಸೂಲಿ ಮಾಡುತ್ತದೆ. ಇಲ್ಲಿಂದ ಕರೆ ಮಾಡುವ ತಾಯಿಗೆ ತಗಲುವುದು ಎಂದಿನ ದರವಷ್ಟೆ. ಕರೆ ಸಮುದ್ರ ದಾಟಿದ ಖರ್ಚು ಎತ್ತಿಕೊಂಡವನ ತಲೆಗೆ. "ಉಂಡ್ಯೇನಪ್ಪಾ?" ಎಂದು ಆಕೆ ನಿಧಾನವಾಗಿ ವಿಚಾರಿಸುತ್ತಿದ್ದರೆ ಮಗ ಗಡಿಬಿಡಿಯಲ್ಲಿ ಮಾತು ಮುಗಿಸುತ್ತಾನೆ. ಮಗ ಬದಲಾಗಿಬಿಟ್ಟ ಎಂದು ತಾಯಿ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ. ಬಿಲ್ಲಿನ ವಿಷಯ ಹೇಳಲು ಅವನಿಗೆ ಸಂಕೋಚ, ಕೇಳಲು ಆಕೆಗೆ ತಿಳಿಯದು. ಹಣದ ನಷ್ಟಕ್ಕಿಂತ ಇದು ದೊಡ್ಡ ನಷ್ಟವಲ್ಲವೇ?

ಇನ್ನು ಡೇಟಾ. ನಾವು ಮುಟ್ಟದಿದ್ದರೂ ಕಿಸೆಯಲ್ಲಿರುವ ಫೋನು ತಾನಾಗಿಯೇ ಸಂದೇಶ, ಫೋಟೋಗಳನ್ನು ತರಿಸುತ್ತಿರುತ್ತದೆ. ಪ್ರೀಪೇಯ್ಡ್ ಆದರೆ ದುಡ್ಡು ಮುಗಿದಾಗ ನಿಲ್ಲುತ್ತದೆ. ಪೋಸ್ಟ್‌ಪೇಯ್ಡ್ ಆದರೆ ಬಿಲ್ಲು ಕೈಸೇರಿದಾಗಲೇ ಎಚ್ಚರ. ಹಡಗಿನ ಕೆಲಸಕ್ಕೆ ಹೋಗುವವರು ಇನ್ನೂ ಜೋಪಾನವಾಗಿರಬೇಕು. ದಡ ಬಿಟ್ಟ ಮೇಲೆ ಫೋನು ಹಡಗಿನ ಉಪಗ್ರಹ ಜಾಲವನ್ನು ಹಿಡಿಯಬಹುದು. ಅದರ ದರ ಬಲು ದುಬಾರಿ, ಸಾಮಾನ್ಯ ರೋಮಿಂಗ್ ಪ್ಯಾಕು ಅಲ್ಲಿಗೆ ಅನ್ವಯಿಸದಿರಬಹುದು.

ಹಾಗಾದರೆ ಏನು ಮಾಡೋಣ? ಹೊರಡುವ ಮುನ್ನ ಡೇಟಾ ರೋಮಿಂಗ್ ಬಂದ್ ಮಾಡೋಣ. ಸ್ವಲ್ಪ ದಿನದ ಪ್ರವಾಸವಾದರೆ ಆ ದೇಶಕ್ಕೆ ಅನ್ವಯಿಸುವ ಪ್ಯಾಕನ್ನು ಇಲ್ಲಿಯೇ ಹಾಕಿಸೋಣ. ಬಹಳ ದಿನವಾದರೆ ಅಲ್ಲಿನ ಸಿಮ್ ಕೊಳ್ಳುವುದೇ ಲೇಸು. ಯೂರೋಪಿಗೆ ಯಾತ್ರೆ ಹೋಗುವವರಿಗೆ ಒಂದು ಅನುಕೂಲವಿದೆ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದೊಳಗೆ ಹೆಚ್ಚಿನ ರೋಮಿಂಗ್ ಶುಲ್ಕ ರದ್ದಾಗಿದೆ. ಇಟಲಿಯ ಸಿಮ್ ಸಾಮಾನ್ಯವಾಗಿ ಫಾತಿಮಾ, ಲೂರ್ದುಗಳಲ್ಲೂ ಅದೇ ದರದಲ್ಲಿ ನಡೆಯುತ್ತದೆ. ನಮ್ಮ ದೇಶದ ಸಿಮ್‌ಗೆ ಆ ರಿಯಾಯಿತಿ ಇಲ್ಲ. ಬ್ಯಾಂಕಿನ ಓಟಿಪಿ ಬರುವುದು ಊರಿನ ನಂಬರಿಗೇ ಆದ್ದರಿಂದ ಆ ಸಿಮ್ಮನ್ನು ಬಿಸಾಡುವುದು ಬೇಡ.

ಎಲ್ಲಕ್ಕಿಂತ ಮುಖ್ಯವಾಗಿ, ಪೆಟ್ಟಿಗೆ ಕಟ್ಟುವ ದಿನ ಮನೆಯವರೆಲ್ಲ ಕುಳಿತು ಮಾತಾಡಿಕೊಳ್ಳೋಣ: ಯಾವ ನಂಬರು, ಯಾವ ಹೊತ್ತು, ಯಾರು ಯಾರಿಗೆ ಕರೆ ಮಾಡುವುದು. "ಈಗ ಮಾತಾಡಿದರೆ ನಿನಗೆ ಖರ್ಚಾಗುತ್ತದೆಯೇ?" ಎಂದು ಕೇಳುವುದು ಜಿಪುಣತನವಲ್ಲ, ದುಡಿಯುವವನ ಬೆವರಿಗೆ ಕೊಡುವ ಗೌರವ. ಆದರೆ ಕಾಯಿಲೆ, ಸಾವು-ನೋವಿನ ಸುದ್ದಿಯಿದ್ದರೆ ನಿಮಿಷ ಎಣಿಸುವುದು ಬೇಡ. ಅಂಥ ಹೊತ್ತಿಗೆ ಮಾತಾಡಲು ಹಣ ಉಳಿದಿರಲೆಂದೇ ಉಳಿದ ದಿನಗಳ ಈ ಎಚ್ಚರಿಕೆ.