ಕೆಟ್ಟ ಪಿಯಾನೊ ಮತ್ತು ನಾನು ಅಳಿಸಿದ ಕ್ಯಾಸೆಟ್ಟು

ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಮಳೆಗಾಲದಲ್ಲಿ ಮಂಚಿಕೇರಿಗೆ ಬಂದಾಗ, "ಮಾಸ್ತರೇ, ಇದನ್ನೊಮ್ಮೆ ಕೇಳಿ" ಎಂದು ಒಂದು ಸಿ.ಡಿ. ಕೊಟ್ಟುಹೋದ. ಅಮೆರಿಕದ ಜಾಜ್ ವಾದಕ ಕೀತ್ ಜ್ಯಾರೆಟ್ ಏಕಾಂಗಿಯಾಗಿ ಪಿಯಾನೊ ನುಡಿಸಿದ 'ದ ಕೋಲ್ನ್ ಕಾನ್ಸರ್ಟ್' ಅದು. ಜಾಜ್ ಎಂದರೆ ಬರೀ ಗದ್ದಲವೆಂದು ತಿಳಿದಿದ್ದ ನಾನು ಈಗಾಗಲೇ ನಾಲ್ಕು ಬಾರಿ ಕೇಳಿದ್ದೇನೆ.

ಅದು ನಡೆದದ್ದು 1975ರ ಜನವರಿ 24ರ ರಾತ್ರಿ, ಕೋಲ್ನ್ ನಗರದ ಒಪೆರಾ ಮಂದಿರದಲ್ಲಿ. ಸಂಘಟಕಿ ವೆರಾ ಬ್ರಾಂಡೆಸ್‌ಗೆ ಆಗ ಬರೀ 18 ವರ್ಷ. ಕೇಳಿದ್ದ ದೊಡ್ಡ ಪಿಯಾನೊದ ಬದಲು ವೇದಿಕೆಯ ಮೇಲಿದ್ದುದು ಹದಗೆಟ್ಟ ಚಿಕ್ಕದೊಂದು. ಮೇಲಿನ ಸ್ವರಗಳು ಕರ್ಕಶ, ಕೆಳಗಿನವು ಕ್ಷೀಣ. ಬೆನ್ನುನೋವಿನಿಂದ ಬಳಲುತ್ತಿದ್ದ ಜ್ಯಾರೆಟ್ ಮೊದಲು ಒಲ್ಲೆನೆಂದರು. ಆ ಹುಡುಗಿಯ ಮೊರೆಗೆ ಕೊನೆಗೆ ಒಪ್ಪಿದರು. ಸುಮಾರು 1,400 ಶ್ರೋತೃಗಳ ಮುಂದೆ, ಬರೆದಿಟ್ಟ ಸ್ವರಲಿಪಿಯಿಲ್ಲದೆ, ಒಂದು ಗಂಟೆಗೂ ಮಿಕ್ಕಿ ನುಡಿಸಿದರು. ಚೆನ್ನಾಗಿ ನುಡಿಯುತ್ತಿದ್ದ ನಡುವಣ ಸ್ವರಗಳಲ್ಲೇ ಹೆಚ್ಚಾಗಿ ಸಂಚರಿಸಿದರು. ನಡುನಡುವೆ ಅವರು ನರಳುವುದೂ ಗುನುಗುವುದೂ ಧ್ವನಿಮುದ್ರಣದಲ್ಲಿ ಕೇಳಿಸುತ್ತದೆ. ಅದರ ಪ್ರತಿಗಳು 40 ಲಕ್ಷಕ್ಕೂ ಹೆಚ್ಚು ಮಾರಾಟವಾಗಿವೆ.

ನಮ್ಮ ತಾಳಮದ್ದಲೆಯೂ ಹೀಗೆಯೇ ಅಲ್ಲವೇ? ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಅರ್ಥ ಆ ರಾತ್ರಿ, ಆ ಎದುರಾಳಿಯ ಮಾತಿನಿಂದ ಹುಟ್ಟುತ್ತದೆ. ನಿನ್ನೆಯ ಭೀಷ್ಮ ಇಂದಿನ ಭೀಷ್ಮನಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಲೇಬೇಕು. ಎಂಬತ್ತರ ದಶಕದಲ್ಲಿ ನಮ್ಮ ಸೀಮೆಯ ಹಿರಿಯ ಅರ್ಥಧಾರಿಯೊಬ್ಬರ ಭೀಷ್ಮನನ್ನು ಟೇಪಿನಲ್ಲಿ ಹಿಡಿದಿದ್ದೆ. ಅಂದು ಅವರ ಗಂಟಲು ಕಟ್ಟಿತ್ತು, ಮೈಕು ಕೂಗುತ್ತಿತ್ತು. ಪ್ರಯೋಜನವಿಲ್ಲವೆಂದು ಬಗೆದು, ಹೊಸ ಕ್ಯಾಸೆಟ್ಟಿನ ದುಡ್ಡು ಉಳಿಸಲು, ಅದರ ಮೇಲೆಯೇ ಶಾಲೆಯ ವಾರ್ಷಿಕೋತ್ಸವದ ಹಾಡುಗಳನ್ನು ತುಂಬಿದೆ. ಅವರು ತೀರಿಕೊಂಡ ಮೇಲೆ ಮಗ ಮನೆಗೆ ಬಂದು, "ಅಪ್ಪನ ಧ್ವನಿ ನಿಮ್ಮಲ್ಲಿದೆಯಂತೆ" ಎಂದು ಕೇಳಿದ. ಚಹಾ ಕೊಟ್ಟು ಕಳಿಸಿದೆ, ಬೇರೇನೂ ಕೊಡಲಾಗಲಿಲ್ಲ.

ಆಶುಕಲೆ ಆ ಕ್ಷಣಕ್ಕೇ ಮುಗಿಯಬೇಕು, ಹಿಡಿದಿಡಬಾರದು ಎನ್ನುವವರಿದ್ದಾರೆ. ತನ್ನ ಕಛೇರಿಯ ಸ್ವರಲಿಪಿ ಅಚ್ಚಾಗಲು ಜ್ಯಾರೆಟ್ ಕೂಡ ಬಹುಕಾಲ ಒಪ್ಪಿರಲಿಲ್ಲ; ಒಪ್ಪಿದಾಗಲೂ ಧ್ವನಿಮುದ್ರಣವೇ ಅಂತಿಮ ಪ್ರಮಾಣವೆಂದರು. 2018ರ ಪಾರ್ಶ್ವವಾಯುವಿನಿಂದ ಅವರ ಎಡಗೈ ಸ್ವಾಧೀನ ತಪ್ಪಿತು. ಆ ರಾತ್ರಿಯ ಎಡಗೈ ಈಗ ಉಳಿದಿರುವುದು ಧ್ವನಿಮುದ್ರಣದಲ್ಲಿ ಮಾತ್ರ. ದೋಷವಿದೆಯೆಂದು ಯಾರಾದರೂ ಅದನ್ನು ಅಳಿಸಿದ್ದರೆ?

ಆದ್ದರಿಂದ ಶಿಷ್ಯರಲ್ಲಿ, ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ದೀಪಾವಳಿಗೆ ಊರಿಗೆ ಬಂದಾಗ ಅಟ್ಟ, ಕಪಾಟುಗಳನ್ನು ನೋಡಿ. ಹಳೆಯ ಕ್ಯಾಸೆಟ್ಟುಗಳಿಗೆ ಮಲೆನಾಡಿನ ತೇವದಲ್ಲಿ ಬೂಸಲು ಹಿಡಿಯುವ ಮೊದಲು ಕಂಪ್ಯೂಟರಿಗೆ ಇಳಿಸಿರಿ. ಕೆಮ್ಮು, ಮಳೆಯ ಸದ್ದು, ಕವಳ ಹಾಕಲು ಎದ್ದವರ ಮಾತು ಯಾವುದನ್ನೂ ಕತ್ತರಿಸಬೇಡಿ. ಊರು, ದಿನ, ಭಾಗವತರು ಹಾಗೂ ಅರ್ಥಧಾರಿಗಳ ಹೆಸರನ್ನು ಬರೆದಿಡಿ.

ನನ್ನ ಕಪಾಟಿನಲ್ಲಿ ಇನ್ನು ಹನ್ನೊಂದು ಕ್ಯಾಸೆಟ್ಟುಗಳಿವೆ. ಅವುಗಳನ್ನು ಇಳಿಸಿಕೊಡಬಲ್ಲವರು ದಯವಿಟ್ಟು ಬನ್ನಿ, ಊಟಕ್ಕೆ ನಮ್ಮಲ್ಲಿಯೇ.